ಚಿಮಣಿ ಬಸ್ಸಿನ ಹಾಗೆ ಕೂಗುತ್ತದೆ, ಹಬೆ ಮಾತ್ರ ಹೋಗಲ್ಲ. ಅಡುಗೆಮನೆ ಗೋಡೆ ಬೆವರುತ್ತಿದೆ, ಏನು ಮಾಡಲಿ?

ಮೂರನೇ ಮಹಡಿ | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊಸಕೆರೆಹಳ್ಳಿ ಕಡೆ ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಬಂದು ಎರಡು ವರ್ಷ ಆಯಿತು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಮಳೆಗಾಲ ಶುರುವಾದರೆ ಅಡುಗೆಮನೆ ಕಥೆ ಕೇಳಬೇಡಿ.

ಬೆಳಿಗ್ಗೆ ಇಡ್ಲಿ ಇಟ್ಟರೆ ಸಾಕು, ಪಶ್ಚಿಮದ ಗೋಡೆ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತದೆ. ಕಿಟಕಿ ಗಾಜಿನ ಮೇಲೆ ಮಗಳು ಬೆರಳಲ್ಲಿ ಬೆಕ್ಕಿನ ಚಿತ್ರ ಬರೆಯುತ್ತಾಳೆ. ಮೇಲಿನ ಕಬೋರ್ಡಿನ ಮೂಲೆಯಲ್ಲಿ ಹಸಿರು ಬೂಷ್ಟು. ಹುರಿಗಡಲೆ, ಹಪ್ಪಳ ಎಲ್ಲ ಮೆತ್ತಗೆ. ಚಿಮಣಿ ಇದೆ. ಗಂಟೆಗೆ 1200 ಘನ ಮೀಟರ್ ಎಳೆಯುತ್ತದೆ ಅಂತ ಅದರ ಮೇಲೇ ಚೀಟಿ ಅಂಟಿಸಿದೆ. ಸದ್ದು ಘಾಟಿ ಹತ್ತುವ ಬಸ್ಸಿನದು. ಆದರೆ ಒಗ್ಗರಣೆ ಹಾಕಿದರೆ ಬಾಲ್ಕನಿಯಲ್ಲಿ ಕೂತ ನಮ್ಮೆಜಮಾನರು ಕೆಮ್ಮುತ್ತಾರೆ.

ಈಗ ಹೊಸದೊಂದು ಶುರುವಾಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಲೆ ಮೇಲೆ ಕಂದು ಹನಿಗಳು. ಚಿಮಣಿಯಿಂದಲೇ ತೊಟ್ಟಿಕ್ಕಿರುತ್ತವೆ.

ಸರ್ವಿಸಿನ ಹುಡುಗ ಬಂದು ಎರಡು ನಿಮಿಷ ನೋಡಿ, "ಕೆಪಾಸಿಟಿ ಸಾಲಲ್ಲ ಮೇಡಂ, 1500ರದ್ದು ಹಾಕಿಸಿ" ಅಂದ. ಪೇಂಟರ್ ಬಂದವರು, "ಇದು ಹೊರಗಿನ ನೀರು, ವಾಟರ್‌ಪ್ರೂಫಿಂಗ್ ಆಗಬೇಕು" ಅಂದರು. ನಮ್ಮತ್ತೆ, "ಕಿಟಕಿ ತೆಗಿ, ಎಲ್ಲ ಸರಿಹೋಗತ್ತೆ" ಅನ್ನುತ್ತಾರೆ. ಮೂರು ಜನ, ಮೂರು ಮಾತು. ಯಾವುದಕ್ಕೆ ದುಡ್ಡು ಹಾಕಲಿ?

ಎಸ್‌ಜೆಪಿ ರಸ್ತೆ ಗಿರಾಕಿ

ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ ಮೇಡಂ. ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅದು ಬಿಟ್ಟಿ ಬೇರೆ.

ಮೊದಲು ಒಂದು ಟಿಶ್ಯೂ ಪೇಪರ್ ತೆಗೆದುಕೊಳ್ಳಿ. ಮನೆಯ ಕಿಟಕಿ ಬಾಗಿಲು ಎಲ್ಲ ಹಾಕಿ. ಚಿಮಣಿ ಜೋರಾಗಿ ಓಡಿಸಿ, ಪೇಪರ್ ಫಿಲ್ಟರಿಗೆ ಹಿಡಿದು ಕೈ ಬಿಡಿ. ಅಂಟಿಕೊಳ್ಳುತ್ತದಾ ಬೀಳುತ್ತದಾ ನೋಡಿ. ಆಮೇಲೆ ಅಡುಗೆಮನೆಯಿಂದ ದೂರದ ಒಂದು ಕಿಟಕಿ, ಹಾಲಿನದೋ ರೂಮಿನದೋ, ನಾಲ್ಕು ಬೆರಳು ತೆಗೆದು ಮತ್ತೆ ಅದನ್ನೇ ಮಾಡಿ. ಮೂರನೇ ಸಲ ಫಿಲ್ಟರ್ ಬಿಚ್ಚಿಟ್ಟು ಹಾಗೇ ನೋಡಿ. ಈ ಮೂರರಲ್ಲಿ ಯಾವಾಗ ಎಳೆತ ಬದಲಾಗುತ್ತದೋ ಅಲ್ಲಿಂದ ಹುಡುಕಬೇಕು.

ಜೊತೆಗೆ ಹೇಳಿ: ಪೈಪು ಎಷ್ಟು ಇಂಚು? ಎಷ್ಟು ಅಡಿ ಹೋಗುತ್ತದೆ? ಎಷ್ಟು ಕಡೆ ತಿರುಗುತ್ತದೆ? ಎಲ್ಲಿ ಹೊರಗೆ ಬರುತ್ತದೆ?

ಕೆಮಿಸ್ಟ್ರಿ ಮೇಷ್ಟ್ರು

ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ಲೆಕ್ಕ ಹಾಕೋಣ. ಇಡ್ಲಿ ಪಾತ್ರೆಯ ಹಬೆ ಕಣ್ಣಿಗೆ ಕಾಣುತ್ತದೆ, ಎಲ್ಲರೂ ಅದನ್ನೇ ಬೈಯುತ್ತಾರೆ. ಕಾಣದ ನೀರು ಗ್ಯಾಸಿನೊಳಗೇ ಇದೆ.

ಅಡುಗೆ ಗ್ಯಾಸ್ ಅಂದರೆ ಪ್ರೊಪೇನ್, ಬ್ಯೂಟೇನ್. ಅದರ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾವಿ ಆಗುತ್ತದೆ. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರು. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆಜಿ ಇರುತ್ತದೆ. ಹಾಗಾದರೆ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿಗೂ ಜಾಸ್ತಿ ನೀರು ನಿಮ್ಮ ಅಡುಗೆಮನೆ ಗಾಳಿಗೆ ಸೇರಿರುತ್ತದೆ. ದೊಡ್ಡ ಬಿಸ್ಲೇರಿ ಕ್ಯಾನಿಗಿಂತ ಹೆಚ್ಚು! 45 ದಿನ ಬಂದರೆ ದಿನಕ್ಕೆ ಅರ್ಧ ಲೀಟರ್. ಬರೀ ಹಾಲು ಬಿಸಿ ಮಾಡಿದರೂ ಈ ಲೆಕ್ಕ ತಪ್ಪಲ್ಲ. ಪೈಪ್ ಗ್ಯಾಸಿನವರು ನಗಬೇಡಿ. ಅದು ಮೀಥೇನ್, ಕೆಜಿಗೆ ಎರಡೂಕಾಲು ಕೆಜಿ ನೀರು.

ಈಗ ಗೋಡೆ. ಅಡುಗೆಮನೆಯಲ್ಲಿ 28 ಡಿಗ್ರಿ, ಗಾಳಿಯ ತೇವಾಂಶ 80 ಪರ್ಸೆಂಟ್ ಅನ್ನಿ. ಆ ಗಾಳಿ 24 ಡಿಗ್ರಿಯ ಹತ್ತಿರದ ಯಾವ ಮೈ ಮುಟ್ಟಿದರೂ ಇಬ್ಬನಿ ಕಟ್ಟುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಳೆಗಾಲದ ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಮಳೆಗೆ ನೆಂದ ಪಶ್ಚಿಮದ ಗೋಡೆ ಬೆಳಿಗ್ಗೆ 22 ಡಿಗ್ರಿ ಇದ್ದರೆ ಬೆವರದೆ ಇನ್ನೇನು ಮಾಡೀತು? ಅದೇ ಗಾಳಿಯ ತೇವಾಂಶವನ್ನು 60ಕ್ಕೆ ಇಳಿಸಿದರೆ ಇಬ್ಬನಿ ಕಟ್ಟಲು 19.5 ಡಿಗ್ರಿ ಬೇಕು. ಗೋಡೆ ಅಷ್ಟು ತಣ್ಣಗಿಲ್ಲ. ಗೋಡೆಗೆ ಏನೂ ಮಾಡದೆಯೇ ಬೆವರು ನಿಲ್ಲುತ್ತದೆ.

ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ತಂದಿಟ್ಟುಕೊಳ್ಳಿ. ಊಹೆ ಮಾಡುವುದು ತಪ್ಪುತ್ತದೆ.

ಮೂರನೇ ಮಹಡಿ | ಭಾನುವಾರ

22 ಲೀಟರ್ ಅಂತ ಹೇಳಿದ್ದಕ್ಕೆ ನಮ್ಮತ್ತೆ ನಂಬಲೇ ಇಲ್ಲ ಸರ್. "ಬೆಂಕಿಯಿಂದ ನೀರು ಬರತ್ತಾ?" ಅಂದರು. ತಣ್ಣೀರಿನ ಪಾತ್ರೆ ಒಲೆ ಮೇಲಿಟ್ಟ ತಕ್ಷಣ ಅದರ ತಳದಲ್ಲಿ ಹನಿ ಕಟ್ಟುವುದನ್ನು ತೋರಿಸಿದೆ. ಸುಮ್ಮನಾದರು.

ಟಿಶ್ಯೂ ಪರೀಕ್ಷೆ ಮಾಡಿದೆ. ಎಲ್ಲ ಮುಚ್ಚಿದಾಗ ಪೇಪರ್ ಬಿತ್ತು. ಹಾಲಿನ ಕಿಟಕಿ ತೆಗೆದಾಗ ಅಂಟಿತು, ಆದರೆ ಜಾರುತ್ತಾ ಜಾರುತ್ತಾ. ಫಿಲ್ಟರ್ ತೆಗೆದರೂ ಅಷ್ಟೇ.

ಪೈಪು ಚಿಮಣಿಯಿಂದ ಮೇಲೆ ಹೋಗಿ ಅಟ್ಟದೊಳಗೆ ನುಗ್ಗುತ್ತದೆ. ಅಲ್ಲಿ ಪ್ಲೈವುಡ್ ಬಾಗಿಲು ಮಾಡಿ ಮುಚ್ಚಿದ್ದಾರೆ. ಮುಂದೆ ಏನಾಗಿದೆ ಕಾಣಲ್ಲ. ಹೊರಗೆ ಬರುವುದು ಪಶ್ಚಿಮಕ್ಕೆ, ಯುಟಿಲಿಟಿ (ಪಾತ್ರೆ ಬಟ್ಟೆ ತೊಳೆಯುವ ಜಾಗ) ಮೇಲೆ. ಒಟ್ಟು 11 ಅಡಿ ಆಗಬಹುದು. ಹೊರಗಿನ ತೂತು ನೋಡಿದರೆ 4 ಇಂಚು ಅನ್ನಿಸುತ್ತದೆ.

ದರ್ಶಿನಿ ಡಕ್ಟ್

ಸಿಕ್ಕಿತು ನೋಡಿ. ನಾನು 18 ವರ್ಷದಿಂದ ಹೋಟೆಲ್ ಅಡುಗೆಮನೆಗಳಿಗೆ ಡಕ್ಟ್ ಹಾಕುವ ಕೆಲಸದಲ್ಲಿದ್ದೇನೆ. ದೋಸೆ ಕಲ್ಲಿನ ಹೊಗೆ ಎಳೆಯುವುದು ನಮ್ಮ ದಿನದ ಜಗಳ. ಮನೆ ಚಿಮಣಿಗಳ ದೂರು ಬಂದಾಗ ಮೋಟಾರ್ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ದಾರಿ.

ಚಿಮಣಿಯ ಬಾಯಿ 6 ಇಂಚು ಇರುತ್ತದೆ. ಬಿಲ್ಡರ್ ಗೋಡೆಯಲ್ಲಿ 4 ಇಂಚಿನ ಪಿವಿಸಿ ಪೈಪು ಬಿಟ್ಟಿರುತ್ತಾನೆ. ಫಿಟ್ಟಿಂಗ್ ಹುಡುಗರು ನಡುವೆ ಒಂದು ರೆಡ್ಯೂಸರ್ ಸಿಕ್ಕಿಸಿ ಹೋಗುತ್ತಾರೆ. ಇಂಚಿನಲ್ಲಿ ನೋಡಿದರೆ ಎರಡೇ ಕಮ್ಮಿ. ಆದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಮ್ಮಿ, 44 ಪರ್ಸೆಂಟ್. ಅಷ್ಟೇ ಗಾಳಿ ಹೋಗಬೇಕಾದರೆ ಎರಡೂಕಾಲು ಪಟ್ಟು ವೇಗ ಬೇಕು, ಅಡ್ಡಿ 5 ಪಟ್ಟಿಗೂ ಮೇಲೆ. ಬ್ಲೋವರ್ ಅಷ್ಟು ತಳ್ಳಲಾರದು. ಒಳಗೇ ಗಾಳಿ ಗಿರಕಿ ಹೊಡೆಯುತ್ತದೆ. ನಿಮಗೆ ಕೇಳುವ ಬಸ್ಸಿನ ಸದ್ದು ಅದೇ.

1200 ಅನ್ನುವುದು ಪೈಪೇ ಇಲ್ಲದೆ, ಬಾಯಿ ತೆರೆದಿಟ್ಟು ಅಳೆದ ಲೆಕ್ಕ. ಮನೆಯಲ್ಲಿ ಅದು ಯಾವತ್ತೂ ಬರಲ್ಲ. ಬೇಕಾಗಿಯೂ ಇಲ್ಲ. ನಿಮ್ಮ ಅಡುಗೆಮನೆ 8ಕ್ಕೆ 10 ಅಡಿ, ಎತ್ತರ ಒಂಬತ್ತೂವರೆ ಅಂದುಕೊಳ್ಳಿ. 21 ಘನ ಮೀಟರ್ ಚಿಲ್ಲರೆ ಗಾಳಿ. ಗಂಟೆಗೆ 15ರಿಂದ 20 ಸಲ ಅದು ಬದಲಾದರೆ ಸಾಕು. 320ರಿಂದ 430 ಘನ ಮೀಟರ್ ನಿಜವಾಗಿ ಹೊರಗೆ ಹೋದರೆ ನಿಮ್ಮನೆ ಗೋಡೆ ಒಣಗಿರುತ್ತದೆ. ಈಗ ಅದರ ಅರ್ಧವೂ ಹೋಗುತ್ತಿರಲಾರದು. ಇದೇ ಪೈಪಿಗೆ 1500ರ ಚಿಮಣಿ ಹಾಕಿಸಿದರೆ ಏನಾಗುತ್ತದೆ? ಬಸ್ಸು ಹೋಗಿ ಲಾರಿ ಬರುತ್ತದೆ.

ಅಟ್ಟ ಬಿಚ್ಚಿಸಿ. ಒಳಗೆ ಈ ಕೆಲವನ್ನು ಹುಡುಕಿ.

ಬೆಳ್ಳಿ ಬಣ್ಣದ ಸುಕ್ಕು ಸುಕ್ಕು ಪೈಪು ಎಲ್ಲಾದರೂ ಜೋತುಬಿದ್ದಿದೆಯಾ? ಜೋತ ಕಡೆ ಎಣ್ಣೆ ನೀರು ನಿಲ್ಲುತ್ತದೆ. ರಾತ್ರಿ ತಣ್ಣಗಾದಾಗ ಪೈಪಿನೊಳಗಿನ ಹಬೆ ನೀರಾಗಿ, ಜಿಡ್ಡು ಕರಗಿಸಿಕೊಂಡು ವಾಪಸ್ ಇಳಿಯುತ್ತದೆ. ನಿಮ್ಮ ಕಂದು ಹನಿ ಅದೇ. ಅಡ್ಡ ಹೋಗುವ ಪೈಪು ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಮತ್ತೆ ಆ ಪೈಪನ್ನು ಪೂರ್ತಿ ಎಳೆದು ಬಿಗಿ ಮಾಡಿರಬೇಕು. ಅರ್ಧ ಮಡಿಚಿದ್ದರೆ ಒಳಗಿನ ಪ್ರತಿ ಸುಕ್ಕೂ ಗಾಳಿಗೆ ಒಂದೊಂದು ಹಂಪು.

ಚಿಮಣಿ ಬಾಯಿಯಲ್ಲಿ ಎರಡು ಪ್ಲಾಸ್ಟಿಕ್ ರೆಕ್ಕೆ ಇರುತ್ತವೆ, ಹೊರಗಿನ ಗಾಳಿ ಒಳಗೆ ಬರದ ಹಾಗೆ. ಪೈಪು ಕೂರಿಸುವಾಗ ಉದ್ದದ ಸ್ಕ್ರೂ ಹೊಡೆದರೆ ಅದು ತಾಗಿ ರೆಕ್ಕೆ ಅರ್ಧಕ್ಕೇ ನಿಂತುಬಿಡುತ್ತದೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೊನೆಗೆ ಹೊರಗಿನ ಮುಚ್ಚಳ. ಅದಕ್ಕೆ ಸೊಳ್ಳೆ ಜಾಲರಿ ಹಾಕಿದ್ದರೆ ಕಿತ್ತು ಬಿಸಾಕಿ. ಜಿಡ್ಡಿಗೆ ಮೂರು ತಿಂಗಳಲ್ಲಿ ಅದು ತಟ್ಟೆಯಾಗುತ್ತದೆ. ಪಶ್ಚಿಮಕ್ಕೆ ಬಾಯಿ ಅಂದಿರಲ್ಲ, ಅದು ಬೇರೆ ಕಷ್ಟ. ಆಷಾಢದ ಗಾಳಿ ನೇರ ಅದರೊಳಗೆ ನುಗ್ಗುತ್ತದೆ. ನೀವು ತಳ್ಳುತ್ತೀರಿ, ಅದು ವಾಪಸ್ ತಳ್ಳುತ್ತದೆ.

ಗವಾಕ್ಷಿ ಮಲ್ಲೇಶ್ವರ

ನಮ್ಮ ತಾತ ಕಟ್ಟಿಸಿದ ಮನೆಯಲ್ಲಿ ಸೌದೆ ಒಲೆ ಇತ್ತು. ಮೇಲೆ ಗವಾಕ್ಷಿ, ಗೋಡೆಯಲ್ಲಿ ಬೆಳಕಿಂಡಿ, ಹಿಂದೆ ಹಿತ್ತಲ ಬಾಗಿಲು. ಹೊಗೆ ತಾನಾಗೇ ಹೋಗುತ್ತಿತ್ತು. ಕರೆಂಟೂ ಬೇಡ, ಸದ್ದೂ ಇಲ್ಲ. ಈಗ ಯುಪಿವಿಸಿ ಕಿಟಕಿ ಹಾಕಿ ಮನೆಯನ್ನು ಡಬ್ಬಿ ಮಾಡಿ, ಆಮೇಲೆ ಗಾಳಿ ಇಲ್ಲ ಅಂತ ಮೆಷೀನ್ ತರುತ್ತಾರೆ. ನಗು ಬರುತ್ತದೆ.

ಬಾಡಿಗೆ ಮನೆ

ಅಂಕಲ್, ನೀವು ನಗಬಹುದು. ನಾವಿರುವುದು 20ಕ್ಕೆ 30ರ ಸೈಟಿನಲ್ಲಿ ಎದ್ದ ನಾಲ್ಕು ಮಹಡಿ. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತದೆ. ಗವಾಕ್ಷಿ ಇಟ್ಟರೆ ಮೇಲಿನ ಮನೆಯವರ ಮಂಚದ ಕೆಳಗೆ ತೂತು ಬೀಳುತ್ತದೆ.

ಗವಾಕ್ಷಿ ಮಲ್ಲೇಶ್ವರ

ಅದೂ ನಿಜವೇ ಬಿಡಪ್ಪ. ಸೌದೆ ಹೊಗೆ ಕುಡಿದು ನಮ್ಮಜ್ಜಿ ಕಣ್ಣು ಹಾಳಾಗಿತ್ತು, ಅದನ್ನು ಹೇಳದೆ ಬಿಟ್ಟೆ. ಆದರೆ ಒಂದು ಮಾತು. ಬಿಸಿ ಗಾಳಿ ಮೇಲಿಂದ ಹೋಗಬೇಕಾದರೆ ಕೆಳಗಿಂದ ತಣ್ಣನೆ ಗಾಳಿ ಬರಬೇಕು. ಹಿತ್ತಲ ಬಾಗಿಲು ಹಾಕಿದರೆ ಗವಾಕ್ಷಿಯೂ ಎಳೆಯುತ್ತಿರಲಿಲ್ಲ.

ದರ್ಶಿನಿ ಡಕ್ಟ್

ಹಿರಿಯರು ಹೇಳಿದ್ದನ್ನು ಎಲ್ಲರೂ ಇನ್ನೊಂದು ಸಲ ಓದಿ. ಹಾಲಿನ ಕಿಟಕಿ ತೆಗೆದಾಗ ಟಿಶ್ಯೂ ಅಂಟಿದ್ದು ಇದಕ್ಕೇ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ದಾರಿ ಇಲ್ಲದಿದ್ದರೆ ಸ್ನಾನದಮನೆ ಮೋರಿಯಿಂದ, ಸಿಂಕಿನ ಕೆಳಗಿಂದ, ಲಿಫ್ಟಿನ ಕಡೆಯಿಂದ, ಎಲ್ಲಿಂದಾದರೂ ಎಳೆಯುತ್ತದೆ. "ಚಿಮಣಿ ಹಾಕಿದರೆ ಬಾತ್‌ರೂಮ್ ವಾಸನೆ ಬರುತ್ತದೆ" ಅನ್ನುವವರು ಇದ್ದಾರಲ್ಲ, ಅವರ ಮನೆಯಲ್ಲಿ ಆಗುವುದು ಇದು.

ಹಾಗಂತ ಫ್ಯಾನಿನ ಪಕ್ಕದ ಕಿಟಕಿ ತೆಗೆಯಬೇಡಿ. ಗಾಳಿ ಕಿಟಕಿಯಿಂದ ಬಂದು ನೇರ ಫ್ಯಾನಿಗೆ ಹೋಗುತ್ತದೆ. ಒಲೆ ಮೇಲಿನ ಹಬೆ ಅಲ್ಲೇ ಇರುತ್ತದೆ. ಗಾಳಿ ಒಲೆಯನ್ನು ದಾಟಿ ಹೋಗುವ ಹಾಗೆ ಎದುರು ಬದಿಯದ್ದು ತೆಗೆಯಿರಿ. ಎರಡು ಇಂಚು ಸಾಕು.

ಸುಮ್ನೆ ಓದುವವ

ಇಷ್ಟೆಲ್ಲ ರಗಳೆ ಯಾಕೆ? ಪೈಪೇ ಇಲ್ಲದ ಚಿಮಣಿ ಬರುತ್ತದಲ್ಲ, ಒಳಗೆ ಇದ್ದಿಲಿನ ಫಿಲ್ಟರ್. ನಮ್ಮಕ್ಕನ ಮನೆಯಲ್ಲಿದೆ. ಗೋಡೆ ಒಡೆಯುವ ಹಾಗೇ ಇಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಇದ್ದಿಲು ವಾಸನೆ ಹಿಡಿಯುತ್ತದೆ, ಜಾಲರಿ ಸ್ವಲ್ಪ ಎಣ್ಣೆ ಹಿಡಿಯುತ್ತದೆ. ನೀರಾವಿ ಬಂದ ಹಾಗೇ ಮನೆಯೊಳಕ್ಕೆ ವಾಪಸ್. ಮೇಡಂ ಅವರ ಕಾಯಿಲೆಯೇ ನೀರು. ಅದಕ್ಕೆ ಈ ಔಷಧಿ ತಾಗಲ್ಲ.

ಎಸ್‌ಜೆಪಿ ರಸ್ತೆ ಗಿರಾಕಿ

ಒಂದು ಅಡ್ಡ ಮಾತು ಹೇಳಿಬಿಡುತ್ತೇನೆ. ಗೋಡೆಯಲ್ಲಿ ಕೂರಿಸುವ ಮಾಮೂಲಿ ಎಕ್ಸಾಸ್ಟ್ ಫ್ಯಾನು ಕೂಡ ಒಳ್ಳೆಯದೇ, ಆದರೆ ಗೋಡೆ ದಾಟಿದ ಕೂಡಲೇ ಅದಕ್ಕೆ ಆಕಾಶ ಸಿಗಬೇಕು. ಅದರ ಮುಂದೆ ಹತ್ತಡಿ ಪೈಪು ಕಟ್ಟಿದರೆ ರೆಕ್ಕೆ ಸುಮ್ನೆ ತಿರುಗುತ್ತದೆ, ಗಾಳಿ ಹೋಗಲ್ಲ. ಪೈಪಿನ ಅಡ್ಡಿ ತಳ್ಳುವುದಕ್ಕೆ ಬ್ಲೋವರ್ ಬೇಕು. ಚಿಮಣಿಯಲ್ಲಿ ಇರುವುದು ಅದು.

ಇನ್ನೊಂದು ನನ್ನದೇ ಮೂರ್ಖತನ. ಹೋದ ವರ್ಷ ನಮ್ಮನೆ ಎಕ್ಸಾಸ್ಟ್ ಸುಟ್ಟಿತ್ತು. ಕಾಯಿಲ್ ಕಟ್ಟಿಸಿಕೊಂಡು ಬಂದೆ. ಅಂಗಡಿಯವನು ವೈರು ಅದಲುಬದಲು ಮಾಡಿದ್ದ. ಎರಡು ತಿಂಗಳು ಫ್ಯಾನು ಉಲ್ಟಾ ತಿರುಗಿ, ಹೊರಗಿನ ಧೂಳು ಗಾಳಿ ಎಲ್ಲ ಸಾರಿನ ಪಾತ್ರೆಗೆ ತಂದು ಹಾಕುತ್ತಿತ್ತು. "ಹೊಸ ಕಾಯಿಲ್, ಸ್ಪೀಡ್ ಚೆನ್ನಾಗಿದೆ" ಅಂತ ನಾನು ಮೆಚ್ಚಿಕೊಂಡಿದ್ದೆ. ಹೆಂಡತಿ ಒಂದು ದಿನ ಊದುಬತ್ತಿ ಹಿಡಿದು ತೋರಿಸಿದಳು. ಹೊಗೆ ನನ್ನ ಮುಖಕ್ಕೇ ಬಂತು. ಆದ್ದರಿಂದ ನಿಮ್ಮ ಫ್ಯಾನು ಯಾವ ಕಡೆ ತಿರುಗುತ್ತಿದೆ ಅಂತಲೂ ನೋಡಿಕೊಳ್ಳಿ. ಫ್ಯಾನು ಮಂದವಾಗಿ ತಿರುಗಿದರೆ ಮೊದಲು ಕೆಪಾಸಿಟರ್ ಬದಲಿಸಿ ನೋಡಿ, ಅಗ್ಗದ್ದು.

ಮೂರನೇ ಮಹಡಿ

ಊದುಬತ್ತಿ ಕಥೆ ಓದಿ ನಮ್ಮೆಜಮಾನರು ಬಿದ್ದು ಬಿದ್ದು ನಕ್ಕರು. ಪೇಂಟರ್ ಹೇಳಿದ್ದು ಏನು ಮಾಡಲಿ? ನಿಜವಾಗಿ ಹೊರಗಿನ ನೀರೇ ಆಗಿದ್ದರೆ?

ಮರಗೆಲಸ

ಮೇಡಂ, ಒಂದಡಿ ಚದರ ಅಲ್ಯುಮಿನಿಯಂ ಫಾಯಿಲ್ ತೆಗೆದುಕೊಳ್ಳಿ. ಗೋಡೆ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಡಿ. ಫಾಯಿಲಿನ ಮುಂದೆ, ನಿಮ್ಮ ಕಡೆ ಹನಿ ಇದ್ದರೆ ಅದು ಅಡುಗೆಮನೆ ಹಬೆ. ಹಿಂದೆ, ಗೋಡೆ ಕಡೆ ಒದ್ದೆ ಇದ್ದರೆ ಗೋಡೆಯಿಂದ ಬರುತ್ತಿದೆ. ಪೇಂಟರಿಗೆ ಕೆಲಸ ಸಿಗುವುದು ಎರಡನೆಯದರಲ್ಲಿ ಮಾತ್ರ.

ಕಬೋರ್ಡಿನ ಬೂಷ್ಟು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಪುಡಿ ಹಾರಿ ಮೂಗಿಗೆ ಹೋಗುತ್ತದೆ. ಬಾಯಿಗೆ ಮಾಸ್ಕ್ ಕಟ್ಟಿ, ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಬ್ಲೀಚ್ ಹಾಕುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಬೂಷ್ಟಿನ ಮೇಲೇ ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಪಶ್ಚಿಮದ ಗೋಡೆಗೆ ಅಂಟಿಸಿದ ಬಾಕ್ಸನ್ನು ಅರ್ಧ ಇಂಚು ಮುಂದೆ ಎಳೆದು ಕೂರಿಸಿ. ಹಿಂದೆ ಗಾಳಿ ಆಡಬೇಕು. ನಾವು ಬಡಗಿಗಳೇ ಈ ತಪ್ಪು ಜಾಸ್ತಿ ಮಾಡುವುದು. ಸಂದು ಕಂಡರೆ ಗಿರಾಕಿ ಬೈಯುತ್ತಾರೆ ಅಂತ ಗೋಡೆಗೆ ಅಪ್ಪಿಸಿಬಿಡುತ್ತೇವೆ.

ಸುಮ್ನೆ ಓದುವವ

ಫಿಲ್ಟರ್ ತೊಳೆಯಲು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿದರೆ ಜಿಡ್ಡು ಚೆನ್ನಾಗಿ ಬಿಡುತ್ತದೆ, ಅಲ್ವಾ?

ಕೆಮಿಸ್ಟ್ರಿ ಮೇಷ್ಟ್ರು

ಸ್ಟೀಲ್ ಫಿಲ್ಟರ್ ಆದರೆ ಹಾಕಿ. ಅಲ್ಯುಮಿನಿಯಂ ಜಾಲರಿ ಆದರೆ ಬೇಡ, ಕಪ್ಪಾಗಿ ಸವೆಯುತ್ತದೆ. ಅದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸಾಕು.

ದರ್ಶಿನಿ ಡಕ್ಟ್

ಮೇಡಂ, ಒಂದು ಕೇಳುವುದು ಮರೆತಿದ್ದೆ. ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದೆಯಾ?

ಮೂರನೇ ಮಹಡಿ

ಇದೆ. ಯಾಕೆ? ಯುಟಿಲಿಟಿಗೆ ಮಳೆ ಹೊಡೆಯುತ್ತದೆ ಅಂತ ಹೋದ ವರ್ಷ ಗಾಜು ಹಾಕಿಸಿ ಮುಚ್ಚಿದೆವು.

ದರ್ಶಿನಿ ಡಕ್ಟ್

ಹಾಗಾದರೆ ಮಿಕ್ಕಿದ್ದೆಲ್ಲ ಆಮೇಲೆ. ಇವತ್ತಿನಿಂದ ಗೀಸರ್ ಮತ್ತು ಚಿಮಣಿ ಒಟ್ಟಿಗೆ ಓಡಿಸಬೇಡಿ. ಗೀಸರ್ ಹಚ್ಚಿದಾಗ ಯುಟಿಲಿಟಿಯ ಗಾಜು ಪೂರ್ತಿ ತೆಗೆದಿರಲಿ.

ಯಾಕೆ ಅಂದರೆ, ಮುಚ್ಚಿದ ಮನೆಯಲ್ಲಿ ಚಿಮಣಿ ಎಳೆಯುವಾಗ ಗೀಸರಿನ ಸುಟ್ಟ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ, ವಾಂತಿ ಬಂದ ಹಾಗೆ, ಆಮೇಲೆ ಎಚ್ಚರವೇ ಇರಲ್ಲ. ಗ್ಯಾಸ್ ಗೀಸರಿನಿಂದ ಸ್ನಾನದಮನೆಯಲ್ಲಿ ಸತ್ತವರ ಸುದ್ದಿ ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಇಲ್ಲಿ ನಾವು ಚಿಮಣಿಯ ಎಳೆತ ಇನ್ನೂ ಜೋರು ಮಾಡಲು ಹೊರಟಿದ್ದೇವೆ. ಅದಕ್ಕೆ ಹೆದರಿಸುತ್ತಿದ್ದೇನೆ.

ಗೀಸರ್ ಹಚ್ಚದೆ, ಯುಟಿಲಿಟಿ ಮುಚ್ಚಿ, ಚಿಮಣಿ ಮಾತ್ರ ಓಡಿಸಿ. ಗೀಸರಿನ ತಲೆ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಯಾವ ಕಡೆ ಹೋಗುತ್ತದೆ ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು

ಇದಕ್ಕೆ ಒಂದು ಮಾತು ಸೇರಿಸಲಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಸೂರಿಗೆ ಏರುತ್ತದೆ. ಹಾಗಾಗಿ ಜಿರಲೆ ಬರುತ್ತದೆ ಅಂತ ಸಿಲಿಂಡರ್ ಕಬೋರ್ಡಿನ ಕೆಳಗಿನ ಗಾಳಿ ತೂತು ಮುಚ್ಚಬೇಡಿ. ಗ್ಯಾಸ್ ವಾಸನೆ ಬಂದಾಗ ಎಕ್ಸಾಸ್ಟ್ ಸ್ವಿಚ್ಚಿಗೆ ಕೈ ಹಾಕಲೇಬೇಡಿ. ಆ ಕಿಡಿ ಸಾಕು. ರೆಗ್ಯುಲೇಟರ್ ಆರಿಸಿ, ಕೈಯಿಂದ ಕಿಟಕಿ ತೆಗೆಯಿರಿ.

ಮೂರನೇ ಮಹಡಿ | ಮಂಗಳವಾರ

ಊದುಬತ್ತಿ ಹೊಗೆ ಸೀದಾ ಅಡುಗೆಮನೆಗೆ ಬಂತು. ಬಾಗಿಲ ಕೆಳಗಿನ ಸಂದಿಯಿಂದ ನದಿ ಹರಿದ ಹಾಗೆ. ಮಗಳು ಬೆಳಿಗ್ಗೆ ಸ್ನಾನ ಮಾಡುವ ಹೊತ್ತಿಗೇ ನಾನು ಚಿಮಣಿ ಹಾಕಿ ದೋಸೆ ಹುಯ್ಯುವುದು. ರಾತ್ರಿ ನಿದ್ದೆ ಬರಲಿಲ್ಲ. ಗೀಸರ್ ತೆಗೆಸಿ ಕರೆಂಟಿನದು ಹಾಕಿಸುತ್ತಿದ್ದೇವೆ. ಅದು ಬರುವವರೆಗೆ ಒಲೆ ಮೇಲೆ ನೀರು ಕಾಯಿಸುತ್ತೇವೆ, ಗೋಡೆ ಬೆವರಿದರೆ ಬೆವರಲಿ.

ಫಾಯಿಲಿನ ಮುಂದೆ ಹನಿ, ಹಿಂದೆ ಒಣ. ಪೇಂಟರಿಗೆ ಆಮೇಲೆ ಬನ್ನಿ ಅಂದೆ.

ಮೂರನೇ ಮಹಡಿ | ಮುಂದಿನ ಭಾನುವಾರ

ಅಟ್ಟ ಬಿಚ್ಚಿಸಿದೆವು. ಒಂದೊಂದಾಗಿ ಹೇಳುತ್ತೇನೆ, ದರ್ಶಿನಿ ಸರ್ ನಗಬಾರದು.

ಸುಕ್ಕು ಪೈಪಿನ ಮೇಲೆ ನಮ್ಮತ್ತೆಯ ಹಿತ್ತಾಳೆ ಕೊಳಗ ಕೂತಿತ್ತು. ಪೈಪು ಚಪಾತಿ ಆಗಿತ್ತು. ಇಟ್ಟವರು ಯಾರು ಅಂತ ಮನೆಯಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲ. ನೀವು ಹೇಳಿದ ಹಾಗೇ ರೆಡ್ಯೂಸರ್, 4 ಇಂಚು. ಮೂರು ಕಡೆ ತಿರುವು. ಒಂದು ರೆಕ್ಕೆಗೆ ಸ್ಕ್ರೂ ತಾಗಿ ಅರ್ಧಕ್ಕೆ ನಿಂತಿತ್ತು. ಹೊರಗಿನ ಮುಚ್ಚಳದಲ್ಲಿ ಪಾರಿವಾಳದ ಗೂಡು, ಎರಡು ಮೊಟ್ಟೆ.

ಈ ಮೊಟ್ಟೆಯದೇ ದೊಡ್ಡ ಪಂಚಾಯಿತಿ ಆಯಿತು. ನಮ್ಮತ್ತೆ ಮುಟ್ಟಲು ಬಿಡಲಿಲ್ಲ. ಮೊಟ್ಟೆಯೊಡೆದು ಮರಿ ಹಾರುವವರೆಗೆ ಒಂದೂವರೆ ತಿಂಗಳು ಕಾಯಬೇಕಂತೆ. ಆಗ ಮೇಸ್ತ್ರಿಯೇ ಕೇಳಿದರು, "ಈ ಹಳೇ ತೂತು ಯಾಕೆ ಬೇಕು? ಒಲೆ ಹಿಂದಿನ ಉತ್ತರದ ಗೋಡೆ ಆಚೆ ಬಯಲು ಅಲ್ವಾ?" ನಾವು ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ! ಚಿಮಣಿಯಿಂದ ಮೇಲೆ ಎರಡಡಿ, ಒಂದು ತಿರುವು, ಗೋಡೆ, ಹೊರಗೆ. 11 ಅಡಿ ಹೋಗಿ 3 ಅಡಿ.

ಅಸೋಸಿಯೇಷನ್ನಿನವರನ್ನು ಕೇಳಿ, ಬಿಲ್ಡಿಂಗಿನ ನಕ್ಷೆ ನೋಡಿ, ಬೀಮಿನಿಂದ ಕೆಳಗೆ ಅಂತ ಗುರುತು ಮಾಡಿದರು. ಕೋರ್ ಕಟಿಂಗ್‌ನವರು ಬಂದು ಇಪ್ಪತ್ತು ನಿಮಿಷದಲ್ಲಿ ದುಂಡಗೆ ಕೊರೆದರು. 2000 ತೆಗೆದುಕೊಂಡರು. 6 ಇಂಚಿನ ಗಟ್ಟಿ ಪೈಪು, ಕೀಲುಗಳಿಗೆ ಫಾಯಿಲ್ ಟೇಪು, ಹೊರಕ್ಕೆ ಸ್ವಲ್ಪ ಇಳಿಜಾರು. ಹೊರಗೆ ಕೆಳಮುಖದ ಮುಚ್ಚಳ, ಪಾರಿವಾಳ ನುಗ್ಗದಷ್ಟು ದಪ್ಪ ಕಣ್ಣಿನ ಜಾಲರಿ. ಹಳೇ ಪೈಪಿನ ಒಳಬಾಯಿ ಮುಚ್ಚಿದೆವು. ಹೊರಬಾಯಿ ಪಾರಿವಾಳಕ್ಕೆ ಬಿಟ್ಟೆವು.

ಅದೇ ಹಳೇ ಚಿಮಣಿ. ಎರಡನೇ ಸ್ಪೀಡಿನಲ್ಲೇ ಟಿಶ್ಯೂ ಕೈಯಿಂದ ಕಿತ್ತುಕೊಂಡಿತು. ಮೊದಲು ಅಡುಗೆ ಹೊತ್ತಿಗೆ ಮೀಟರ್ 84 ತೋರಿಸುತ್ತಿತ್ತು, ಇವತ್ತು ಇಡ್ಲಿ ಬೇಯುವಾಗ 67. ಹೊರಗೆ ಮಳೆ ಹನಿಯುತ್ತಲೇ ಇತ್ತು. ಗೋಡೆ ಒಣಗಿದೆ. ಗಾಜಿನ ಕೆಳಗಡೆ ಒಂದು ಪಟ್ಟಿಯಷ್ಟು ಮಂಜು ಇನ್ನೂ ಇದೆ. ಮಗಳ ಬೆಕ್ಕಿಗೆ ಅಷ್ಟು ಜಾಗ ಸಾಕು.

ಒಂದು ಬೇಜಾರು. ಉತ್ತರದ ಪಕ್ಕದ ಬಿಲ್ಡಿಂಗಿನವರು ನಿನ್ನೆಯೇ ಬಂದು, "ನಿಮ್ಮನೆ ಮೆಣಸಿನಕಾಯಿ ಘಾಟು ನಮ್ಮ ಬೆಡ್‌ರೂಮಿಗೆ ಬರುತ್ತಿದೆ" ಅಂದರು. ಅವರು ಹೇಳಿದ್ದು ನಿಜವೇ.

ದರ್ಶಿನಿ ಡಕ್ಟ್

ಕೊಳಗಕ್ಕೆ ನಗಲಿಲ್ಲ, ಮೊಟ್ಟೆಗೆ ನಕ್ಕೆ. ಮುಚ್ಚಳದ ಬಾಯಿಯನ್ನು ಅವರ ಕಿಟಕಿಯಿಂದ ಆಚೆ ಮೂಲೆಗೆ ತಿರುಗಿಸಿ ಕೂರಿಸಿ. ಸಾಲದಿದ್ದರೆ ಹೊರಗೆ ಗೋಡೆಗುಂಟ 6 ಇಂಚಿನ ಪೈಪನ್ನೇ ನಾಲ್ಕಡಿ ಮೇಲಕ್ಕೆ ಒಯ್ಯಬಹುದು. ಈಗ ನಿಮ್ಮ ಎಳೆತ ಚೆನ್ನಾಗಿದೆ, ಅಷ್ಟು ತಡೆಯುತ್ತದೆ. ಅದಕ್ಕಿಂತ ಮೇಲೆ ಬೇಡ, ಮೇಲಿನ ಮನೆಯವರು ಇಳಿದು ಬರುತ್ತಾರೆ.

ಅಡುಗೆ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಸಣ್ಣ ಸ್ಪೀಡಿನಲ್ಲಿ ಓಡಲಿ. ಒಲೆ ಆರಿಸಿದ ತಕ್ಷಣ ಚಿಮಣಿಯನ್ನೂ ಆರಿಸುವ ಚಟ ಎಲ್ಲರಿಗೂ ಇದೆ. ಉಳಿದ ಹಬೆಯೆಲ್ಲ ಗೋಡೆಗೆ.

ಮೂರನೇ ಮಹಡಿ

ಮುಚ್ಚಳ ತಿರುಗಿಸಿದ್ದಾಯಿತು. ಪಕ್ಕದವರಿಗೆ ಒಂದು ಡಬ್ಬಿ ಚಟ್ನಿಪುಡಿಯೂ ಹೋಯಿತು. ಘಾಟು ಯಾವುದರದ್ದು ಅಂತ ಅವರಿಗೂ ಗೊತ್ತಾಗಲಿ.

ಬಾಡಿಗೆ ಮನೆ

ಇಷ್ಟೆಲ್ಲ ಓದಿದೆ. ನನಗೆ ಗೋಡೆ ಕೊರೆಯುವ ಹಾಗಿಲ್ಲ, ಓನರ್ ಮೊಳೆ ಹೊಡೆಯಲೂ ಬಿಡಲ್ಲ. ಚಿಮಣಿಯೂ ಇಲ್ಲ. ಒಲೆ ಪಕ್ಕದಲ್ಲಿ ಒಂದು ಕಿಟಕಿ, ಮೂರು ಗಾಜು. ನನಗೇನಾದರೂ ದಾರಿ ಇದೆಯಾ?

ಎಸ್‌ಜೆಪಿ ರಸ್ತೆ ಗಿರಾಕಿ

ಇದೆ. ಮೇಲಿನ ಒಂದು ಗಾಜನ್ನು ಹುಷಾರಾಗಿ ಬಿಚ್ಚಿಸಿ. ಅದೇ ಅಳತೆಯ ಆಕ್ರಿಲಿಕ್ ಶೀಟಿನಲ್ಲಿ 9 ಇಂಚಿನ ಫ್ಯಾನಿಗೆ ದುಂಡು ತೂತು ಕತ್ತರಿಸಿ ಕೂರಿಸಿ. ಹೊರಗೆ ತಾನಾಗೇ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳ ಇರಲಿ, ಮಳೆ ಬರಲ್ಲ. ಫ್ಯಾನು ಓಡುವಾಗ ಅದೇ ಕಿಟಕಿಯ ಬೇರೆ ಗಾಜು ಮುಚ್ಚಿ, ಮುಂದಿನ ರೂಮಿನ ಕಿಟಕಿ ಸ್ವಲ್ಪ ತೆಗೆಯಿರಿ. ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ, ಅರ್ಧ ಹಬೆ ಅಲ್ಲೇ ಕಮ್ಮಿಯಾಗುತ್ತದೆ.

ಬಿಚ್ಚಿದ ಗಾಜನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗೆ ಇಡಿ. ಮನೆ ಬಿಡುವ ಹಿಂದಿನ ದಿನ ವಾಪಸ್ ಹಾಕಿ, ಫ್ಯಾನು ಎತ್ತಿಕೊಂಡು ಹೋಗಿ. ನಾನು ಮೂರು ಮನೆಯಲ್ಲಿ ಹೀಗೇ ಮಾಡಿದ್ದೇನೆ, ಅಡ್ವಾನ್ಸ್ ಪೂರ್ತಿ ವಾಪಸ್ ಬಂತು. ಪೇಂಟಿಂಗ್ ದುಡ್ಡು ಮುರಿದುಕೊಂಡರು, ಅದು ಹೇಗಿದ್ದರೂ ಮುರಿಯುತ್ತಾರೆ.